ತೇಗಿಲ್ಲದ ಸೌತೆಕಾಯಿ: ಒಂದು ಬಳ್ಳಿಯ ದೇಶಾಂತರ

ಅರಸರ ಚರಿತ್ರೆ, ಯುದ್ಧಗಳ ಚರಿತ್ರೆ, ದೇವಾಲಯಗಳ ಚರಿತ್ರೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಸೌತೆಕಾಯಿಗೂ ಒಂದು ಚರಿತ್ರೆಯುಂಟು ಎಂದರೆ ಮಾತ್ರ ಕೇಳಿದವರು ನಕ್ಕುಬಿಡುತ್ತಾರೆ. ಕೋಸಂಬರಿಗೆ ಹೆಚ್ಚಿ ಹಾಕುವ, ಮೊಸರುಬಜ್ಜಿಗೆ ತುರಿದು ಬೆರೆಸುವ ಈ ನೀರುಗಾಯಿಗೆ ಎಂಥ ಚರಿತ್ರೆ? ಆದರೆ ಅಮೆರಿಕದಲ್ಲಿ ನೆಲೆಸಿರುವ ನಮ್ಮಂಥ ಕನ್ನಡ ಕುಟುಂಬಗಳಿಗೆ ಈ ಕಾಯಿಯ ಕಥೆ ಬರೀ ಅಡಿಗೆಮನೆಯ ಕಥೆಯಲ್ಲ. ಊರು ಬಿಟ್ಟು ಹೊರಟು, ಪರದೇಶಗಳಲ್ಲಿ ಬೇರೂರಿ, ಹೆಸರು ಬದಲಿಸಿಕೊಂಡು, ಮತ್ತೆ ನಮ್ಮ ಕೈಗೇ ಬಂದು ಸೇರಿದ ಬಳ್ಳಿಯೊಂದರ ಕಥೆ ಅದು. ನಮ್ಮ ಸಂಘದ ಸಂಸ್ಥಾಪನಾ ವರ್ಷಾಚರಣೆಯ ಈ ಸಂಚಿಕೆಯಲ್ಲಿ ಅದಕ್ಕೊಂದು ಪುಟ್ಟ ಜಾಗ ಕೊಟ್ಟರೆ ತಪ್ಪಾಗಲಾರದೆಂದು ನಂಬಿದ್ದೇವೆ.

ಮೇ ತಿಂಗಳು ಬಂತೆಂದರೆ ನಮ್ಮಲ್ಲಿ ಅನೇಕರು ಸಸಿ ಮಾರುವ ಅಂಗಡಿಗೆ ಹೋಗುತ್ತೇವೆ. ಮೆಣಸಿನಕಾಯಿ, ಬದನೆ, ಟೊಮೇಟೊಗಳ ಪಕ್ಕದಲ್ಲಿ ಸೌತೆ ಸಸಿಗಳ ಸಾಲು. ಅವುಗಳಲ್ಲಿ ಕೆಲವಕ್ಕೆ ಚುಚ್ಚಿದ ಚೀಟಿಯ ಮೇಲೆ 'ಬರ್ಪ್‌ಲೆಸ್' ಎಂದು ಬರೆದಿರುತ್ತದೆ; ಎಂದರೆ ತೇಗು ಬರಿಸದ ಸೌತೆ. ಈ ಮಾತು ನಮ್ಮ ಕಿವಿಗೆ ಸ್ವಲ್ಪ ವಿಚಿತ್ರವೇ. ಊಟ ಮುಗಿಸಿದ ಅತಿಥಿ ತೃಪ್ತಿಯಿಂದ ತೇಗಿದರೆ ಬಡಿಸಿದ ಮನೆಯೊಡತಿಗೆ ಸಂತೋಷವಾಗುತ್ತಿದ್ದ ನಾಡಿನಿಂದ ಬಂದವರು ನಾವು. ಇಲ್ಲಿಯವರ ಮೇಜಿನ ಮುಂದೆ ಅದೇ ತೇಗು ಅಸಭ್ಯತೆ. ಹಾಗಾಗಿ ತೇಗು ಬರಿಸದಿರುವುದೇ ಒಂದು ತರಕಾರಿಯ ಬಿರುದಾಗಿಬಿಟ್ಟಿದೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು, 'ಇದು ಅಮೆರಿಕದ ಸೌತೆಯೋ, ನಮ್ಮ ಊರಿನದೋ?' ಎಂದು ಕೇಳುತ್ತಾರೆ. ಸುಲಭದ ಪ್ರಶ್ನೆ, ಉತ್ತರ ಮಾತ್ರ ಎರಡು ಮೂರು ಸಾವಿರ ವರ್ಷಗಳಷ್ಟು ಉದ್ದ.

ತವರುಮನೆ

ಸೌತೆಯ ತವರು ಭಾರತ. ಹಿಮಾಲಯದ ತಪ್ಪಲಿನಲ್ಲಿ ಇಂದಿಗೂ ಕಾಡುಸೌತೆಯೊಂದು ಬೆಳೆಯುತ್ತದೆ. ಗಾತ್ರದಲ್ಲಿ ಸಣ್ಣದು, ಬಾಯಿಗಿಟ್ಟರೆ ವಿಷದಂಥ ಕಹಿ. ಸಹಾರನಪುರದ ಸಸ್ಯೋದ್ಯಾನದ ಮೇಲ್ವಿಚಾರಕರಾಗಿದ್ದ ಜಾನ್ ಫೋರ್ಬ್ಸ್ ರಾಯ್ಲ್ 1835ರಲ್ಲಿ ಇದನ್ನು ವರ್ಣಿಸಿ, ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಯೂ ಪ್ರಕೃತಿ ಶಾಸ್ತ್ರಜ್ಞರೂ ಆಗಿದ್ದ ಥಾಮಸ್ ಹಾರ್ಡ್‌ವಿಕ್ ಅವರ ಹೆಸರನ್ನು ಅದಕ್ಕೆ ಇಟ್ಟರು. ನಾವು ಇಂದು ತಿನ್ನುವ ಸೌತೆಗೆ ಈ ಕಾಡುಬಳ್ಳಿಯೇ ಅತ್ಯಂತ ಹತ್ತಿರದ ಬಂಧು. ಎರಡನ್ನೂ ಕೂಡಿಸಿದರೆ ಬೀಜ ಕಟ್ಟುತ್ತದೆ. 2013ರಲ್ಲಿ ವಿಜ್ಞಾನಿಗಳು 115 ಬಗೆಯ ಸೌತೆಗಳ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಭಾರತದ ಗುಂಪಿನಲ್ಲಿ ಕಂಡಷ್ಟು ವೈವಿಧ್ಯ ಚೀನ, ಜಪಾನ್, ಯೂರೋಪ್, ಅಮೆರಿಕಗಳ ಗುಂಪುಗಳಲ್ಲಿ ಕಾಣಲಿಲ್ಲ. ತವರುಮನೆಯಲ್ಲಿ ತುಂಬಿದ ಕಣಜ. ಹೊರಗೆ ಹೋದವರ ಮಡಿಲಲ್ಲಿ ಒಂದೊಂದು ಹಿಡಿ.

ಸಂಸ್ಕೃತದಲ್ಲಿ ಸೌತೆಗೆ ತ್ರಪುಷ ಎಂಬ ಹೆಸರಿದೆ. ಮೃತ್ಯುಂಜಯ ಮಂತ್ರದಲ್ಲಿ ಬರುವ ಉರ್ವಾರುಕವನ್ನೂ ಸಾಮಾನ್ಯವಾಗಿ ಸೌತೆಯೆಂದೇ ಅರ್ಥ ಹೇಳುವುದುಂಟು. ಆದರೆ ಹಿತ್ತಲಲ್ಲಿ ಬಳ್ಳಿ ಬೆಳೆಸಿದವರಿಗೆ ಇಲ್ಲೊಂದು ಸಂಶಯ ಏಳುತ್ತದೆ. ಸೌತೆಕಾಯಿ ಹಣ್ಣಾದರೂ ತೊಟ್ಟನ್ನು ತಾನಾಗಿ ಬಿಡುವುದಿಲ್ಲ, ಕೊಯ್ಯಲೇಬೇಕು. ಮಾಗಿದ ಕೂಡಲೇ ಹಗುರವಾಗಿ ಕಳಚಿಕೊಳ್ಳುವ ಗುಣ ಅದರ ದಾಯಾದಿಯಾದ ಕರಬೂಜದ ಜಾತಿಯದು. ಈ ಎರಡು ಮನೆತನಗಳನ್ನು ಒಂದೇ ಹೆಸರಿನಿಂದ ಕರೆಯುವ ರೂಢಿ ಬಹಳ ಹಳೆಯದು.

ನಮ್ಮ ಕನ್ನಡನಾಡಿನಲ್ಲೂ ಹಾಗೆಯೇ ಅಲ್ಲವೇ? ಮಂಗಳೂರು ಸೌತೆ, ಸಾಂಬಾರು ಸೌತೆ, ಬಣ್ಣದ ಸೌತೆ ಎಂದು ಕರೆಯುವ ಆ ಹಳದಿ ಹಸುರು ಪಟ್ಟೆಯ ಕಾಯಿ ಸಸ್ಯಶಾಸ್ತ್ರದ ಪ್ರಕಾರ ಸೌತೆಯೇ ಅಲ್ಲ. ಕರಬೂಜದ ಜಾತಿಗೆ ಸೇರಿದ್ದು. ಹಸಿಯಾಗಿ ತಿನ್ನುವ ಮುಳ್ಳುಸೌತೆಯೇ ನಿಜವಾದ ಸೌತೆ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಹಸಿ ತಿನ್ನುವುದಕ್ಕೆ ತವಶೆ ಎಂದೂ ಹುಳಿಗೆ ಹಾಕುವುದಕ್ಕೆ ಮಗ್ಗೆ ಎಂದೂ ಬೇರೆಬೇರೆ ಹೆಸರುಗಳೇ ಇವೆ. ಕನ್ನಡದವರಾದ ನಾವು ಎರಡನ್ನೂ ಸೌತೆಯೆಂದೇ ಕರೆದು, ಒಂದನ್ನು ಎಳೆಯದಿರುವಾಗಲೇ ಉಪ್ಪು ಖಾರ ಹಚ್ಚಿ ತಿಂದೆವು. ಇನ್ನೊಂದನ್ನು ಬಲಿಸಿ, ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಕೆಳಗೆ ತೂಗುಹಾಕಿ, ಮಳೆಗಾಲದ ತರಕಾರಿಯಾಗಿ ಕಾಪಾಡಿದೆವು.

ಪಡುವಣದ ದಾರಿ

ಪಶ್ಚಿಮಕ್ಕೆ ಸೌತೆ ಹೋದ ಕಥೆಯಲ್ಲಿ ಒಂದು ಹಳೆಯ ತಪ್ಪು ತಿಳಿವಳಿಕೆ ಸೇರಿಕೊಂಡಿತ್ತು. ರೋಮಿನ ಚಕ್ರವರ್ತಿ ತಿಬೇರಿಯಸ್‌ಗೆ ಸೌತೆ ಎಂದರೆ ಪ್ರಾಣ. ಅವನಿಗಾಗಿ ತೋಟಗಾರರು ಚಕ್ರಗಳ ಮೇಲೆ ಮಡಿ ಮಾಡಿ, ಬಿಸಿಲು ಇದ್ದಾಗ ಹೊರಗೆ ತಳ್ಳಿ, ಚಳಿಗೆ ಪಾರದರ್ಶಕ ಶಿಲೆಯ ಹಲಗೆಗಳನ್ನು ಮುಚ್ಚಿ ಬೆಳೆಯುತ್ತಿದ್ದರು ಎಂಬುದು ಪ್ಲೀನಿಯ ಬರಹದ ಆಧಾರದ ಮೇಲೆ ಎಲ್ಲರೂ ಹೇಳುತ್ತಿದ್ದ ಮಾತು. ಬೈಬಲಿನಲ್ಲಿ ಈಜಿಪ್ಟನ್ನು ಬಿಟ್ಟು ಬಂದ ಜನ ಮರುಭೂಮಿಯಲ್ಲಿ ಹಂಬಲಿಸಿದ ತರಕಾರಿಗಳಲ್ಲೂ ಸೌತೆಯ ಹೆಸರಿದೆ. ಆದರೆ ಹ್ಯಾರಿ ಪ್ಯಾರಿಸ್, ಜೂಲ್ಸ್ ಜಾನಿಕ್ ಮೊದಲಾದ ವಿದ್ವಾಂಸರು 2007ರಿಂದೀಚೆಗೆ ಹಳೆಯ ಬರಹ ಮತ್ತು ಚಿತ್ರಗಳನ್ನು ಪರಿಶೀಲಿಸಿ, ಅವೆರಡೂ ಸೌತೆಯಲ್ಲ, ಹಾವಿನಂತೆ ಉದ್ದಕ್ಕೆ ಬೆಳೆಯುವ ಕರಬೂಜದ ಜಾತಿಯವೇ ಎಂದು ತೋರಿಸಿದರು. ಉತ್ತರ ಭಾರತದಲ್ಲಿ ಕಕಡಿ ಎಂದು ಮಾರುವ ಕಾಯಿಯ ಮನೆತನ ಅದು. ಇಲ್ಲಿನ ಅಂಗಡಿಗಳಲ್ಲಿ ಅದನ್ನೇ 'ಅರ್ಮೇನಿಯನ್ ಕುಕುಂಬರ್' ಎನ್ನುತ್ತಾರೆ.

ನಿಜವಾದ ಸೌತೆ ಯೂರೋಪನ್ನು ಮುಟ್ಟಿದ್ದು ಅದಕ್ಕಿಂತ ಬಹಳ ತಡವಾಗಿ, ಕ್ರಿಸ್ತಶಕ 500ರಿಂದ 1300ರ ನಡುವೆ. ಪರ್ಷಿಯದಿಂದ ನೆಲದ ದಾರಿಯಲ್ಲಿ ಪೂರ್ವ ಯೂರೋಪಿಗೆ ಒಂದು ಪಯಣ. ಅರಬ್ಬರ ಕೈಯಿಂದ ಕಡಲ ದಾರಿಯಲ್ಲಿ ಸ್ಪೇನಿಗೆ ಇನ್ನೊಂದು. 1494ರಲ್ಲಿ ಕೊಲಂಬಸ್ಸನ ಜನ ಕೆರಿಬಿಯನ್ ದ್ವೀಪದಲ್ಲಿ ಸೌತೆ ಬೀಜ ಬಿತ್ತಿದರು. ಭಾರತವನ್ನು ಹುಡುಕಿಕೊಂಡು ಹೊರಟು ದಾರಿ ತಪ್ಪಿದವನು ಭಾರತದ ಬಳ್ಳಿಯನ್ನೇ ಹೊಸ ಖಂಡಕ್ಕೆ ತಂದು ನೆಟ್ಟಂತಾಯಿತು!

ಹೊಸ ಮನೆಯಲ್ಲಿ ಅದಕ್ಕೆ ಸಿಕ್ಕ ಸ್ವಾಗತ ಅಷ್ಟಕ್ಕಷ್ಟೆ. ಇಂಗ್ಲೆಂಡಿನಲ್ಲಿ ಹಸಿ ಸೌತೆ ತಿಂದರೆ ಸಾವು ಬರುತ್ತದೆಂಬ ಭಯವಿತ್ತು. 1663ರ ಆಗಸ್ಟಿನಲ್ಲಿ ಸ್ಯಾಮ್ಯುಯೆಲ್ ಪೆಪಿಸ್ ತನ್ನ ದಿನಚರಿಯಲ್ಲಿ ಪರಿಚಿತರೊಬ್ಬರು ಸೌತೆ ತಿಂದು ತೀರಿಕೊಂಡರೆಂಬ ಸುದ್ದಿಯನ್ನು ಬರೆದಿಟ್ಟಿದ್ದಾನೆ. ಆದರೂ ಕ್ರಮೇಣ ಆ ಜನಕ್ಕೆ ಇದರ ಹುಚ್ಚು ಹಿಡಿಯಿತು. ರೈಲ್ವೆಯ ಜನಕರಲ್ಲಿ ಒಬ್ಬರೆನಿಸಿದ ಜಾರ್ಜ್ ಸ್ಟೀಫನ್‌ಸನ್ ತಮ್ಮ ಮುಪ್ಪಿನಲ್ಲಿ ಚೆಸ್ಟರ್‌ಫೀಲ್ಡಿನ ಮನೆಯ ತೋಟದಲ್ಲಿ ಸೌತೆ ಬೆಳೆಸುತ್ತಿದ್ದರು. ಕಾಯಿ ಡೊಂಕಾಗುವುದನ್ನು ಸಹಿಸದ ಆ ಎಂಜಿನಿಯರು ಗಾಜಿನ ಕೊಳವೆ ಮಾಡಿಸಿ ಅದರೊಳಗೆ ಎಳೆಗಾಯನ್ನಿಟ್ಟು ರೈಲುಕಂಬಿಯಂತೆ ನೇರವಾಗಿ ಬೆಳೆಸಿದರು. ಮುಂದೆ ಗಾಜಿನ ಮನೆಗಳಲ್ಲಿ, ಪರಾಗಸ್ಪರ್ಶವಿಲ್ಲದೆಯೇ ಕಾಯಿ ಕಟ್ಟುವ, ಬೀಜವಿಲ್ಲದ ಉದ್ದನೆಯ ಇಂಗ್ಲಿಷ್ ಸೌತೆ ನೆಲೆಗೊಂಡಿತು. ಈಗ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿ ಮಾರುವುದು ಇದನ್ನೇ.

ಮೂಡಣದ ದಾರಿ

ಇನ್ನೊಂದು ಕವಲು ಪೂರ್ವಕ್ಕೆ ಹೋಯಿತು. ಚೀನದ ಜನ ಸೌತೆಯನ್ನು ಮೊದಲು ಕರೆದದ್ದು 'ಹೂ ಗುವಾ' ಎಂದು. ಎಂದರೆ ಪರದೇಶಿಯರ ಕಾಯಿ. ಆರನೆಯ ಶತಮಾನದ ಅವರ ಕೃಷಿಗ್ರಂಥದಲ್ಲೇ ಈ ಹೆಸರಿದೆ. ಜಪಾನಿನಲ್ಲಿ ಇಂದಿಗೂ ಅದೇ ಎರಡು ಅಕ್ಷರಗಳನ್ನು ಬರೆದು 'ಕ್ಯೂರಿ' ಎಂದು ಓದುತ್ತಾರೆ. ಪರದೇಶಿಯೆಂದು ಕರೆಸಿಕೊಂಡೇ ಆ ಬಳ್ಳಿ ಅಲ್ಲಿ ಮನೆಮಗಳಾಯಿತು. ಅಲ್ಲಿನ ರೈತರು ನೂರಾರು ವರ್ಷ ಆರಿಸಿ ಆರಿಸಿ ತೆಗೆದು, ತೆಳು ಸಿಪ್ಪೆಯ, ಸಣ್ಣ ಬೀಜದ, ಉದ್ದವಾದ, ಚಪ್ಪರಕ್ಕೆ ಹಬ್ಬುವ ತಳಿಗಳನ್ನು ರೂಪಿಸಿದರು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಮನೆತೋಟಗಳಿಗೆ ಈ ಪೂರ್ವದೇಶದ ತಳಿಗಳು ಬಂದವು. ಕ್ಯೋಟೋದ ತಾಕಿ ಬೀಜ ಸಂಸ್ಥೆಯ 'ಟೇಸ್ಟಿ ಗ್ರೀನ್', ಚೀನದ 'ಸುಯೋ ಲಾಂಗ್' ಇವುಗಳಲ್ಲಿ ಪ್ರಸಿದ್ಧ. ಮಾರುವವರು ಇವಕ್ಕೆ ಕಟ್ಟಿದ ಹೆಸರೇ ಬರ್ಪ್‌ಲೆಸ್. ಹೀಗೆ ಭಾರತದಿಂದ ಚೀನ, ಅಲ್ಲಿಂದ ಜಪಾನ್, ಅಲ್ಲಿಂದ ಅಮೆರಿಕ ಎಂದು ಭೂಮಿಯನ್ನು ಸುತ್ತಿ ಬಂದ ಬಳ್ಳಿ ನಮ್ಮ ಹಿತ್ತಲಿನ ಬೇಲಿಗೆ ಹಬ್ಬಿತು.

ಕಹಿಯೂ ತೇಗೂ

ತೇಗಿಗೂ ಸೌತೆಗೂ ಏನು ಸಂಬಂಧ? ಸೌತೆಯ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಸ್ತು. ಅದು ತೊಟ್ಟಿನ ಕಡೆಗೂ ಸಿಪ್ಪೆಯ ಕೆಳಗೂ ಹೆಚ್ಚು. ನಮ್ಮ ಅಜ್ಜಿಯರು ಸೌತೆಯ ತುದಿ ಕತ್ತರಿಸಿ, ಆ ತುಂಡಿನಿಂದಲೇ ಗರಗರನೆ ಉಜ್ಜಿ, ಬಿಳಿನೊರೆ ತೆಗೆದು, ಬಳಿಕ ಸಿಪ್ಪೆ ಹೆರೆಯುತ್ತಿದ್ದರು. ಉಜ್ಜಿದ್ದರಿಂದ ಒಳಗಿನ ಕಹಿಯೆಲ್ಲ ಹೊರಬರುತ್ತದೆ ಎನ್ನುವುದು ಕಷ್ಟ. ಆದರೆ ತುದಿ ಕತ್ತರಿಸುವುದು, ಸಿಪ್ಪೆ ಹೆರೆಯುವುದು ಎರಡೂ ಖಂಡಿತ ಸರಿಯಾದ ಕ್ರಮ.

1959ರಲ್ಲಿ ಹಾಲೆಂಡಿನ ಆಂಡೆವೆಗ್ ಮತ್ತು ಡಿ ಬ್ರೂಯಿನ್ ಎಂಬ ತಳಿಶಾಸ್ತ್ರಜ್ಞರು ಎಲೆಯಿಂದ ಕಾಯಿಯವರೆಗೆ ಎಲ್ಲೂ ಕಹಿಯೇ ಇಲ್ಲದ ಗಿಡದ ವಿಷಯ ಪ್ರಕಟಿಸಿದರು. ಒಂದೇ ಒಂದು ವಂಶವಾಹಿಯ ಬದಲಾವಣೆ ಅದು. ಕಹಿ ಹೋದರೆ ಗಿಡಕ್ಕೆ ಲಾಭವೋ ನಷ್ಟವೋ ಎಂದು 1971ರಲ್ಲಿ ಅಮೆರಿಕದಲ್ಲಿ ನೋಡಿದರು. ಫಲಿತಾಂಶ ಸ್ವಾರಸ್ಯಕರವಾಗಿತ್ತು: ಕಹಿಯಿಲ್ಲದ ಗಿಡವನ್ನು ಸೌತೆದುಂಬಿ ಮೂಸಿ ನೋಡಲಿಲ್ಲ, ಆದರೆ ನುಸಿಗಳು ಮುತ್ತಿದವು. ಒಬ್ಬ ವೈರಿಯನ್ನು ಕರೆಯುವ ಕಹಿಯೇ ಇನ್ನೊಬ್ಬನನ್ನು ಓಡಿಸುತ್ತದೆ. ಎಲೆಗೆ ಕಹಿ ಕೊಡುವ ಗುಂಡಿಯೂ ಕಾಯಿಗೆ ಕಹಿ ಕೊಡುವ ಗುಂಡಿಯೂ ಬೇರೆಬೇರೆ ಎಂಬುದನ್ನು 2014ರಲ್ಲಿ ಚೀನದ ವಿಜ್ಞಾನಿಗಳು ಕಂಡುಹಿಡಿದರು. ಕಾಡುಸೌತೆಯನ್ನು ಪಳಗಿಸಿದ ನಮ್ಮ ಪ್ರಾಚೀನ ರೈತರು ಎಲೆಯ ಕಹಿಯನ್ನು ಗಿಡದ ರಕ್ಷಣೆಗೆ ಬಿಟ್ಟು, ಕಾಯಿಯ ಕಹಿಯನ್ನು ಮಾತ್ರ ತಗ್ಗಿಸಿದ್ದರು. ಪ್ರಯೋಗಶಾಲೆ ಇರಲಿಲ್ಲ, ರುಚಿ ನೋಡುವ ನಾಲಿಗೆ, ಒಳ್ಳೆಯದನ್ನು ಬೀಜಕ್ಕೆ ಬಿಡುವ ತಾಳ್ಮೆ, ಇಷ್ಟೇ ಅವರ ಬಂಡವಾಳ.

ಈ ಕಹಿಯೇ ತೇಗಿಗೆ ಕಾರಣವೆಂದು ಬೀಜದ ಪಟ್ಟಿಗಳು ಬಹುಕಾಲ ಹೇಳುತ್ತಾ ಬಂದವು. ಉತ್ತರ ಕೆರೊಲೈನಾ ರಾಜ್ಯ ವಿಶ್ವವಿದ್ಯಾಲಯದ ಟಾಡ್ ವೇನರ್ 2000ದ ಸುಮಾರಿಗೆ ಇದನ್ನು ತಿನ್ನಿಸಿಯೇ ಪರೀಕ್ಷಿಸಿದರು. ಕಹಿಯುಳ್ಳ ಅಮೆರಿಕನ್ ತಳಿ, ಕಹಿಯಿಲ್ಲದ ಅಮೆರಿಕನ್ ತಳಿ, ಪೂರ್ವದೇಶದ ಚಪ್ಪರದ ತಳಿ ಇವನ್ನು ಹೋಲಿಸಿದಾಗ, ಕಹಿ ತೆಗೆದ ಮಾತ್ರಕ್ಕೆ ತೇಗು ಕಡಿಮೆಯಾಗಲಿಲ್ಲ. ಪೂರ್ವದೇಶದ ತಳಿಯಲ್ಲಿ ಮಾತ್ರ ಸ್ವಲ್ಪ ಕಡಿಮೆ. ಅದೂ ಸೌತೆ ತಿಂದರೆ ತೇಗು ಬರುವ ಮೈಯವರಿಗಷ್ಟೇ ಗೊತ್ತಾಗುವಷ್ಟು. ಎಂದ ಮೇಲೆ ಬರ್ಪ್‌ಲೆಸ್ ಎಂಬುದು ಒಂದು ವೈದ್ಯಕೀಯ ಭರವಸೆಯಲ್ಲ. ಮೂಡಣದಿಂದ ಬಂದ ಒಂದು ಮನೆತನದ ಅಡ್ಡಹೆಸರು.

ತವರಿನ ಉಡುಗೊರೆ

ಈ ಚರಿತ್ರೆಯಲ್ಲಿ ನಮ್ಮ ಮನಸ್ಸನ್ನು ಬಹಳವಾಗಿ ತಟ್ಟಿದ ಅಧ್ಯಾಯ ಇನ್ನೊಂದಿದೆ. ಅಮೆರಿಕ ಸರ್ಕಾರ 1898ರಿಂದ ಲೋಕದ ಮೂಲೆಮೂಲೆಗಳ ಬೀಜಗಳನ್ನು ತರಿಸಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟು ಕಾಪಾಡುತ್ತಾ ಬಂದಿದೆ. ಸೌತೆ ಬೀಜಗಳ ಭಂಡಾರವಿರುವುದು ಅಯೋವಾ ರಾಜ್ಯದ ಏಮ್ಸ್ ಊರಿನಲ್ಲಿ. ಅಲ್ಲಿನ ದಾಖಲೆಯಲ್ಲಿ ಪಿ.ಐ. 197087 ಎಂಬುದು ಭಾರತದಿಂದ ಬಂದ ಒಂದು ಸೌತೆ. ಇಲ್ಲಿನ ಆಗ್ನೇಯ ರಾಜ್ಯಗಳಲ್ಲಿ ಬೂಜುತುಪ್ಪಟ ರೋಗ ಎಲೆಗಳನ್ನು ಒಣಗಿಸಿ ಬೆಳೆಯನ್ನೇ ನುಂಗುತ್ತಿದ್ದಾಗ, ಅದನ್ನು ತಡೆಯುವ ಶಕ್ತಿ ಈ ಭಾರತೀಯ ಸೌತೆಯಲ್ಲಿ ಕಂಡಿತು. ದಕ್ಷಿಣ ಕೆರೊಲೈನಾದ ಕ್ಲೆಮ್ಸನ್ನಿನಲ್ಲಿ ಬಾರ್ನ್ಸ್ ಎಂಬ ತಳಿಶಾಸ್ತ್ರಜ್ಞರು ಅದನ್ನು ಬಳಸಿ ರೂಪಿಸಿದ 'ಪಾಯಿನ್‌ಸೆಟ್' ತಳಿ 1966ರಲ್ಲಿ ಹೊರಬಂತು. ಆ ಶಕ್ತಿಯೇ ಮುಂದೆ ಅಮೆರಿಕದ ಅನೇಕ ಸೌತೆ ತಳಿಗಳಿಗೆ ಹಂಚಿಕೆಯಾಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಇದೇ ಪಾಯಿನ್‌ಸೆಟ್ ಅನ್ನು ಭಾರತಕ್ಕೆ ತರಿಸಿಕೊಂಡು, ಅಲ್ಲಿನ ರೈತರಿಗೆ ಸುಧಾರಿತ ವಿದೇಶಿ ತಳಿಯೆಂದು ಶಿಫಾರಸು ಮಾಡಲಾಯಿತು. ಅಜ್ಜನ ಮನೆಯ ಆಸ್ತಿ ಹೊಸ ಹೆಸರಿನಲ್ಲಿ ಅಜ್ಜನ ಮನೆಗೇ ಮರಳಿತು! 'ಹಿತ್ತಲ ಗಿಡ ಮದ್ದಲ್ಲ' ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಸುಮಾರು ನಾಲ್ಕು ದಶಕ ಆ ರಕ್ಷಣೆ ನಿಂತಿತು. 2004ರಲ್ಲಿ ರೋಗಾಣುವಿನ ಹೊಸ ಬಗೆಯೊಂದು ಅಮೆರಿಕದ ಪೂರ್ವ ಭಾಗಕ್ಕೆ ಬಂದು ಹಳೆಯ ಶಕ್ತಿಯನ್ನು ಮುರಿಯಿತು. ವಿಜ್ಞಾನಿಗಳು ಮತ್ತೆ ಬೀಜದ ಭಂಡಾರದ ಬಾಗಿಲು ತೆರೆದು ಒಂದೊಂದನ್ನೇ ಬಿತ್ತಿ ನೋಡಿದರು. ಹೊಸ ರೋಗಕ್ಕೂ ಚೆನ್ನಾಗಿ ತಡೆದು ನಿಂತವುಗಳಲ್ಲಿ ಪ್ರಮುಖವಾದದ್ದು ಪಕ್ಕದ ಸಂಖ್ಯೆಯದೇ: ಪಿ.ಐ. 197088, ಅದೂ ಭಾರತದ್ದೇ. ಆ ಬೀಜವನ್ನು ಕಾಪಾಡಿ ಬೆಳೆಸುತ್ತಿದ್ದ ರೈತ ಯಾರು, ಅವನ ಮನೆಯವರು ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದು ಆ ಆರು ಅಂಕಿಗಳಲ್ಲಿ ಎಲ್ಲೂ ಇಲ್ಲ.

ಕರ್ನಾಟಕದ ಮಿಡಿಸೌತೆ

ಇತ್ತೀಚಿನ ಅಧ್ಯಾಯ ನಮ್ಮ ನಾಡಿನದೇ. ಬರ್ಗರಿನೊಳಗೆ ಕಾಣುವ ಹುಳಿ ಉಪ್ಪಿನಕಾಯಿಗೆ ಬೇಕಾದ ಮಿಡಿಸೌತೆಯನ್ನು 1990ರ ದಶಕದಲ್ಲಿ ಕರ್ನಾಟಕದ ರೈತರು ಸಣ್ಣ ಪ್ರಮಾಣದಲ್ಲಿ ಬೆಳೆಯತೊಡಗಿದರು. ಬಳಿಕ ಅದು ನೆರೆಯ ತಮಿಳುನಾಡು, ಆಂಧ್ರ, ತೆಲಂಗಾಣಗಳಿಗೂ ಹಬ್ಬಿತು. ಭಾರತ ಸರ್ಕಾರ 2022ರ ಜನವರಿಯಲ್ಲಿ ಹೇಳಿದಂತೆ, 2020-21ರಲ್ಲಿ ರಫ್ತಾದ ಸೌತೆ ಮತ್ತು ಮಿಡಿಸೌತೆ ಒಟ್ಟು 2,23,515 ಟನ್, ಅದರ ಬೆಲೆ 22.3 ಕೋಟಿ ಡಾಲರ್. ಆಗ ಸುಮಾರು 65,000 ಎಕರೆಯಲ್ಲಿ 90,000 ಸಣ್ಣ ರೈತರು ಗುತ್ತಿಗೆಯ ಮೇಲೆ ಇದನ್ನು ಬೆಳೆಯುತ್ತಿದ್ದರು. ಮೂರು ತಿಂಗಳ ಬೆಳೆ. ಬೆರಳುದ್ದದ ಮಿಡಿಯನ್ನು ದಿನವೂ ಕೊಯ್ಯಬೇಕು, ಒಂದು ದಿನ ತಡವಾದರೆ ಬಲಿತು ಬೆಲೆ ಇಳಿಯುತ್ತದೆ. ಬೆಳೆದವರ ಮನೆಯಲ್ಲಿ ಅದನ್ನು ತಿನ್ನುವವರು ಕಡಿಮೆ. ಬಹುಪಾಲೆಲ್ಲ ಹಡಗು ಹತ್ತುತ್ತದೆ. ಅಂಗಡಿಯಲ್ಲಿ ಉಪ್ಪಿನಕಾಯಿ ಸೀಸೆಯನ್ನು ತಿರುಗಿಸಿ ನೋಡಿ. ಭಾರತದ ಹೆಸರಿದ್ದರೆ ಅದು ಹಾಸನದ್ದೋ ತುಮಕೂರಿನದೋ ಆಗಿರಬಹುದು.

ನಮ್ಮ ಹಿತ್ತಲಿನಲ್ಲಿ

ಇನ್ನು ನಮ್ಮ ಬೇಸಾಯಕ್ಕೆ ಬರೋಣ. ಸೌತೆಗೆ ಚಳಿ ಆಗದು. ಹಿಮ ಬೀಳುವ ಕಾಲ ಪೂರ್ತಿ ಕಳೆದು ಮಣ್ಣಿನ ಶಾಖ 65 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲೆ, ಬೆರಳ ಗೆಣ್ಣಿನಷ್ಟು ಆಳಕ್ಕೆ ಬೀಜ ಹಾಕಬೇಕು. ಉದ್ದ ಜಾತಿಯ ಬರ್ಪ್‌ಲೆಸ್‌ಗೆ ಚಪ್ಪರ ಅಥವಾ ಬಲೆ ಅತ್ಯವಶ್ಯ. ನೆಲದ ಮೇಲೆ ಹಬ್ಬಿದರೆ ಕಾಯಿ ಕೊಡಲಿನಂತೆ ಡೊಂಕಾಗುತ್ತದೆ, ತೂಗಿಬಿಟ್ಟರೆ ಸ್ಟೀಫನ್‌ಸನ್ನರ ಗಾಜಿನ ಕೊಳವೆಯಿಲ್ಲದೆಯೇ ನೇರವಾಗುತ್ತದೆ. ನೀರು ಒಂದು ದಿನ ಹೆಚ್ಚು, ನಾಲ್ಕು ದಿನ ಇಲ್ಲ ಎಂದಾದರೆ ಗಿಡ ಬಳಲಿ ಕಹಿ ತಲೆಯೆತ್ತುತ್ತದೆ. ಸುಮಾರು ಅರುವತ್ತು ದಿನಕ್ಕೆ ಕೊಯ್ಲು. ಗೇಣುದ್ದ ದಾಟಿದ ಕೂಡಲೇ, ಹಳದಿಯಾಗುವ ಮೊದಲೇ ಕೊಯ್ಯಿರಿ. ಒಂದು ಕಾಯಿ ಬಲಿಯಲು ಬಿಟ್ಟರೂ ಬಳ್ಳಿ ಹೊಸ ಕಾಯಿ ಹಿಡಿಯುವುದನ್ನು ಕಡಿಮೆ ಮಾಡುತ್ತದೆ.

ಜುಲೈ ಬಂತೆಂದರೆ ಬಳ್ಳಿ ಕೊಡುವುದನ್ನು ತಿಂದು ಮುಗಿಸುವುದೇ ಕೆಲಸ. ಹೆಸರುಬೇಳೆ ನೆನೆಸಿ ಕೋಸಂಬರಿ. ಕಾಯಿ, ಹಸಿಮೆಣಸು, ಸಾಸಿವೆ ಅರೆದು ಹಸಿ ಮಜ್ಜಿಗೆಹುಳಿ. ನೆನೆಸಿದ ಅಕ್ಕಿಯ ಜತೆ ತುರಿ ಸೇರಿಸಿ ರುಬ್ಬಿ, ಉತ್ತರ ಕನ್ನಡದವರ ತೆಳ್ಳೇವು. ಧಾರವಾಡ, ವಿಜಯಪುರದ ಕಡೆಯವರಿಗೆ ಜೋಳದ ರೊಟ್ಟಿ, ಶೇಂಗಾಹಿಂಡಿಯ ಪಕ್ಕದಲ್ಲಿ ಹಸಿ ಸವತಿಕಾಯಿ ಇದ್ದರೆ ಸಾಕು. ತೆಳು ಸಿಪ್ಪೆಯ ಈ ತಳಿ ಇವೆಲ್ಲಕ್ಕೂ ಒಗ್ಗುತ್ತದೆ. ಮಂಗಳೂರು ಸೌತೆಯ ಹುಳಿಗೆ ಮಾತ್ರ ಒಗ್ಗದು, ಬೇಯಿಸಿದರೆ ನೀರಾಗಿಬಿಡುತ್ತದೆ. ಕಾರಣ ನಿಮಗೀಗ ಗೊತ್ತೇ ಇದೆ: ಅದು ಬೇರೆಯೇ ಮನೆತನ.

ಒಂದು ಮಾತು ಬೀಜದ ಬಗೆಗೆ. ಅಂಗಡಿಯ ಬರ್ಪ್‌ಲೆಸ್‌ಗಳಲ್ಲಿ ಹೆಚ್ಚಿನವು ಸಂಕರ ತಳಿಗಳು; ಅವುಗಳ ಬೀಜ ಕೂಡಿಟ್ಟರೆ ಮುಂದಿನ ವರ್ಷ ತಾಯಿಯಂಥ ಮಗಳು ಹುಟ್ಟುವುದಿಲ್ಲ. ಸುಯೋ ಲಾಂಗ್, ಇಲ್ಲಿಯೇ ಬೀಜದ ಅಂಗಡಿಗಳು ಮಾರುವ 'ಪೂನಾ ಖೀರಾ' ಇಂಥವುಗಳ ಬೀಜವನ್ನು ಉಳಿಸಿಕೊಳ್ಳಬಹುದು. ಹತ್ತಿರದಲ್ಲಿ ಬೇರೆ ಸೌತೆ ಇರಬಾರದು ಅಷ್ಟೆ. ಊರಿನಿಂದ ಬರುವಾಗ ಸೀರೆಯ ಮಡಿಕೆಯಲ್ಲಿ ಬೀಜ ತರುವುದನ್ನು ಮಾತ್ರ ಮಾಡಬೇಡಿ. ಅನುಮತಿಯಿಲ್ಲದೆ ತರುವುದು ಕಾನೂನಿಗೆ ವಿರುದ್ಧ. ಬೀಜದ ಜತೆ ಕಾಣದ ರೋಗವೂ ಬರಬಹುದು. ಹೊಸ ರೋಗವೊಂದು ಕಾಲಿಟ್ಟರೆ ಏನಾಗುತ್ತದೆಂಬುದನ್ನು 2004 ಕಲಿಸಿದೆ.

ಆದರೆ ತರಬಹುದಾದದ್ದು ಇನ್ನೊಂದಿದೆ. ಅದಕ್ಕೆ ಯಾವ ಸುಂಕವೂ ಇಲ್ಲ. ಊರಿನಲ್ಲಿ ಹಿರಿಯರು ಸೌತೆ ಬೀಜಕ್ಕೆ ಬೂದಿ ಸವರಿ, ಸಗಣಿಯ ಜತೆ ಗೋಡೆಗೆ ಬಡಿದು ಮುಂದಿನ ಮಳೆಗಾಲಕ್ಕೆ ಕಾಪಾಡುತ್ತಿದ್ದರು. ಹೊಲದ ಸಾಲಿನಲ್ಲಿ ಬೆಳೆಯುವ ಸೌತೆ ಯಾವುದು, ಹಿತ್ತಲಿನದು ಯಾವುದು, ಯಾವುದರ ಬೀಜ ಯಾರ ಮನೆಯಿಂದ ಬಂತು ಎಂಬುದು ಅವರಿಗೆ ಗೊತ್ತಿತ್ತು. ಸಂಕರ ಬೀಜದ ಪೊಟ್ಟಣ ಹಳ್ಳಿಯ ಅಂಗಡಿಗೂ ತಲುಪಿದ ಮೇಲೆ ಆ ಬೀಜಗಳೂ ಅವುಗಳ ಹೆಸರುಗಳೂ ಒಟ್ಟಿಗೆ ಮರೆಯಾಗುತ್ತಿವೆ. ಏಮ್ಸಿನ ಭಂಡಾರದಲ್ಲಿ ಸಂಖ್ಯೆ ಉಳಿಯಿತು, ಹೆಸರು ಉಳಿಯಲಿಲ್ಲ. ನಮ್ಮ ಮನೆಯ ಮಟ್ಟಿಗಾದರೂ ಹೆಸರು ಉಳಿಸುವುದು ನಮ್ಮ ಕೈಯಲ್ಲಿದೆ.

ಆದ್ದರಿಂದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಬಾರಿ ಊರಿಗೆ ಫೋನು ಮಾಡಿದಾಗ, ಆರೋಗ್ಯ ವಿಚಾರಿಸಿದ ಮೇಲೆ, ಅತ್ತೆಯವರನ್ನೋ ದೊಡ್ಡಪ್ಪನವರನ್ನೋ ಕೇಳಿ: ನೀವು ಬೆಳೆಯುತ್ತಿದ್ದ ಸೌತೆಗೆ ಏನೆನ್ನುತ್ತಿದ್ದಿರಿ? ಅದರ ಬೀಜ ಈಗ ಯಾರ ಬಳಿ ಇದೆ? ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದಿಡಿ. ಮಕ್ಕಳಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. 'ಇದು ಅಮೆರಿಕದ ಸೌತೆಯೋ, ನಮ್ಮ ಊರಿನದೋ?' ಎಂಬ ಅವರ ಪ್ರಶ್ನೆಗೆ, ಎರಡೂ ಹೌದು ಮಗೂ, ಎಂದು ಧೈರ್ಯವಾಗಿ ಹೇಳಬಹುದು. ನೀರು ಇಲ್ಲಿಯದು, ಬಿಸಿಲು ಇಲ್ಲಿಯದು, ರೋಗವನ್ನು ತಡೆಯುವ ಬಲ ಅಜ್ಜಿಯ ಊರಿನದು.

ಕೋಸಂಬರಿಯ ಬಟ್ಟಲು ಖಾಲಿಯಾದ ಮೇಲೆ ಯಾರಿಗಾದರೂ ತೇಗು ಬಂದರೆ ಸಂಕೋಚ ಬೇಡ. ಚೀಟಿಯ ಮೇಲೆ ಏನೇ ಬರೆದಿರಲಿ, ನಮ್ಮ ಮನೆಗಳಲ್ಲಿ ಅದು ಇಂದಿಗೂ ಉಂಡವರು ಬಡಿಸಿದವರಿಗೆ ಹೇಳುವ ಒಳ್ಳೆಯ ಮಾತೇ.